ಹಳೆಯ ಇಂಜಿನ್ನಿಗೆ ಹೊಸ ಕಿವಿ

ತಂದೆ ಬಿಟ್ಟುಹೋದ ವಸ್ತುವನ್ನು ಮಕ್ಕಳು ಹೇಗೆ ಕಾಪಾಡಬೇಕು? ಇದ್ದದ್ದನ್ನು ಇದ್ದ ಹಾಗೆಯೇ ಇಡಬೇಕೇ? ಇಲ್ಲವೇ ಕಾಲಕ್ಕೆ ತಕ್ಕಂತೆ ತಿದ್ದಿ ಬಳಸಬೇಕೇ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಹೊಲದ ಹೆಸರಿನಲ್ಲಿ, ಹಂಚಿನ ಮನೆಯ ಹೆಸರಿನಲ್ಲಿ, ಅಜ್ಜಿಯ ಚಿನ್ನದ ಸರದ ಹೆಸರಿನಲ್ಲಿ ಏಳುತ್ತದೆ. ಅನೇಕ ವೇಳೆ ಮಾತಿಗೆ ಮಾತು ಬೆಳೆದು, ಒಡಹುಟ್ಟಿದವರು ಒಬ್ಬರ ಮನೆಗೆ ಒಬ್ಬರು ಹೋಗದಂತಾಗುತ್ತದೆ. ಪ್ರಿಯ ವಾಚಕರೇ, ಈ ವಾರ ಇದೇ ಪ್ರಶ್ನೆಯನ್ನು ಒಂದು ಚಿಕ್ಕ ವಸ್ತುವಿನ ಮೂಲಕ ವಿಚಾರ ಮಾಡೋಣ. ವಸ್ತು ಚಿಕ್ಕದಾದರೆ ಕೋಪಕ್ಕೆ ಎಡೆ ಕಡಿಮೆ, ವಿಚಾರಕ್ಕೆ ಎಡೆ ಹೆಚ್ಚು. ಆ ವಸ್ತು ಅಂಗೈ ಉದ್ದದ ಒಂದು ಮಾದರಿ ರೈಲು ಇಂಜಿನ್.

ಅರಸೀಕೆರೆಯವರಿಗೆ ರೈಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮಾರ್ಗದಿಂದ ಹಾಸನ, ಮೈಸೂರುಗಳ ಕಡೆಗೆ ಕವಲು ಹೊರಡುವುದು ಇಲ್ಲಿಯೇ. ಈ ಹಳಿಗಳೆಲ್ಲ ಒಂದು ಕಾಲದಲ್ಲಿ 1000 ಮಿಲಿಮೀಟರ್ ಅಗಲದ ಮೀಟರ್ ಗೇಜ್ ಹಳಿಗಳು. 1992ರಲ್ಲಿ ಭಾರತೀಯ ರೈಲ್ವೆ ಏಕರೂಪ ಗೇಜಿನ ಯೋಜನೆಯನ್ನು ಕೈಗೆತ್ತಿಕೊಂಡಿತು; ಆ ದಶಕದಲ್ಲಿಯೇ ಇಲ್ಲಿನ ಹಳಿಗಳು 1676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಆದವು. ಹಳೆಯ ಇಂಜಿನ್ನುಗಳಿಗೆ ಅವುಗಳ ಹಳಿಯೇ ಇಲ್ಲವಾಯಿತು. ಮೀಟರ್ ಗೇಜಿನ ಪ್ರಯಾಣಿಕರ ಗಾಡಿಗಳನ್ನು ಎಳೆಯಲೆಂದು 1949ರಿಂದ 1970ರವರೆಗೆ ವೈ.ಪಿ. ವರ್ಗದ 871 ಉಗಿ ಇಂಜಿನ್ನುಗಳು ತಯಾರಾಗಿದ್ದವು. ಅವುಗಳಲ್ಲಿ ಹೆಚ್ಚಿನವು ಗುಜರಿಗೆ ಹೋದವು. ಕೆಲವೇ ಕೆಲವು ವಸ್ತುಸಂಗ್ರಹಾಲಯಗಳಲ್ಲಿ ನಿಂತವು. ವೈ.ಡಿ.ಎಂ.-4 ಎಂಬ ಮೀಟರ್ ಗೇಜ್ ಡೀಸೆಲ್ ಇಂಜಿನ್ನುಗಳಲ್ಲಿ ಕೆಲವು, ಅದೇ ಅಳತೆಯ ಹಳಿ ಇರುವ ಮಲೇಷ್ಯಾದಂಥ ದೇಶಕ್ಕೆ ಹೋಗಿ ದುಡಿದವು. ಹಳೆಯ ವಸ್ತುವಿಗೆ ಸಾಮಾನ್ಯವಾಗಿ ಇರುವುದು ಈ ಮೂರೇ ದಾರಿಗಳು: ಗುಜರಿ, ಗಾಜಿನ ಪೆಟ್ಟಿಗೆ, ಇಲ್ಲವೇ ಹೊಸ ದುಡಿಮೆ.

ಇಂಥ ಜಂಕ್ಷನ್ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಈಗಿಲ್ಲ. ಅವರ ಟ್ರಂಕಿನಲ್ಲಿ ಒಂದು ಮಾದರಿ ಇಂಜಿನ್ ಇದೆ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿದ್ದ ಸಂಬಂಧಿಕರೊಬ್ಬರು ತಂದುಕೊಟ್ಟದ್ದು, ಟ್ರೈ-ಆಂಗ್ ಕಂಪನಿಯದು. ಕ್ರಿಸ್‌ಮಸ್ ದಿನಗಳಲ್ಲಿ ಗೋದಲಿಯ ಸುತ್ತ ಹಳಿ ಜೋಡಿಸಿ ಅವರು ಅದನ್ನು ಓಡಿಸುತ್ತಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಕಿರಿಯ ಮಗ ಹೇಳುತ್ತಾನೆ: "ಅಣ್ಣ, ಇದಕ್ಕೊಂದು ಡಿಕೋಡರ್ ಹಾಕಿಸೋಣ. ನಮ್ಮ ಹುಡುಗರ ಹೊಸ ಇಂಜಿನ್ನುಗಳ ಜೊತೆ ಅಪ್ಪಂದೂ ಓಡಲಿ." ಊರಿನಲ್ಲೇ ಉಳಿದ ಹಿರಿಯ ಮಗ ಹೇಳುತ್ತಾನೆ: "ಬೇಡ ಕಣೋ. ಅಪ್ಪ ಮುಟ್ಟಿದ್ದನ್ನ ಬಿಚ್ಚೋದು ಬೇಡ. ಹೇಗಿದೆಯೋ ಹಾಗೇ ಇರಲಿ." ಇಬ್ಬರೂ ಅಪ್ಪನ ಹೆಸರು ಹೇಳಿಯೇ ಮಾತನಾಡುತ್ತಿದ್ದಾರೆ. ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದು ತಂದೆತಾಯಿಗಳನ್ನು ಗೌರವಿಸಲು ಹೇಳುತ್ತದೆ. ಇಲ್ಲಿ ಆ ಗೌರವ ಯಾವ ಕಡೆಗಿದೆ?

ಉತ್ತರ ಕೊಡುವ ಮೊದಲು ಆ ಡಿಕೋಡರ್ ಎಂದರೇನು, ಅದನ್ನು ಕೂರಿಸುವುದೆಂದರೇನು ಎಂಬುದನ್ನು ತಿಳಿಯಬೇಕು. ಕೆಲಸದ ರೀತಿ ಗೊತ್ತಿಲ್ಲದೆ ಅದರ ನೀತಿ ಹೇಳುವುದು ಸರಿಯಲ್ಲ.

ಹಳೆಯ ಮಾದರಿ ರೈಲಿನಲ್ಲಿ ಎರಡು ಹಳಿಗಳ ಮೂಲಕ 12 ವೋಲ್ಟಿನವರೆಗಿನ ಡಿ.ಸಿ. ವಿದ್ಯುತ್ ಹರಿಯುತ್ತದೆ. ಚಕ್ರಗಳು ಅದನ್ನು ಹಳಿಯಿಂದ ಎತ್ತಿ ನೇರವಾಗಿ ಮೋಟಾರಿಗೆ ಕೊಡುತ್ತವೆ. ವೋಲ್ಟೇಜ್ ಏರಿಸಿದರೆ ವೇಗ ಏರುತ್ತದೆ. ಧನ, ಋಣ ತುದಿಗಳನ್ನು ಅದಲು ಬದಲು ಮಾಡಿದರೆ ಇಂಜಿನ್ ಹಿಂದಕ್ಕೆ ಓಡುತ್ತದೆ. ಸರಳ ವ್ಯವಸ್ಥೆ. ಆದರೆ ಒಂದೇ ಹಳಿಯ ಮೇಲೆ ಎರಡು ಇಂಜಿನ್ನುಗಳನ್ನಿಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನೇ ತುಂಡು ತುಂಡಾಗಿ ಬೇರ್ಪಡಿಸಿ, ತುಂಡಿಗೊಂದು ಸ್ವಿಚ್ ಇಡಬೇಕು.

ಹೊಸ ವ್ಯವಸ್ಥೆಗೆ ಡಿ.ಸಿ.ಸಿ. ಎಂದು ಹೆಸರು. ಜರ್ಮನಿಯ ಲೆನ್ಸ್ ಕಂಪನಿ 1980ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನವನ್ನು ಆಧರಿಸಿ, 1935ರಲ್ಲಿ ಸ್ಥಾಪನೆಯಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು 1990ರ ದಶಕದಲ್ಲಿ ಇದನ್ನು ಎಲ್ಲ ಕಂಪನಿಗಳಿಗೂ ಒಪ್ಪುವ ಮಟ್ಟಕ್ಕೆ ತಂದಿತು. ಇದರಲ್ಲಿ ಹಳಿಯ ವೋಲ್ಟೇಜ್ ಏರಿಳಿಯುವುದಿಲ್ಲ. ಸದಾ ಒಂದೇ ಮಟ್ಟದಲ್ಲಿರುತ್ತದೆ. ಆ ವಿದ್ಯುತ್ತೇ ಬಹು ಬೇಗ ದಿಕ್ಕು ಬದಲಿಸುತ್ತಾ ಸಂದೇಶವನ್ನು ಹೊತ್ತು ಬರುತ್ತದೆ. 58 ಮೈಕ್ರೊಸೆಕೆಂಡಿಗೊಮ್ಮೆ ದಿಕ್ಕು ಬದಲಾದರೆ ಅದು 'ಒಂದು', 100 ಅಥವಾ ಹೆಚ್ಚು ಮೈಕ್ರೊಸೆಕೆಂಡ್ ತೆಗೆದುಕೊಂಡರೆ ಅದು 'ಸೊನ್ನೆ'. ಈ ಒಂದು, ಸೊನ್ನೆಗಳ ಸಾಲು "ಮೂರನೆಯ ನಂಬರಿನ ಇಂಜಿನ್ ನಿಧಾನವಾಗಿ ಮುಂದಕ್ಕೆ ಹೋಗಲಿ" ಎಂದು ಹೇಳುತ್ತದೆ. ಸಂದೇಶ ಹಳಿಯ ಮೇಲಿರುವ ಎಲ್ಲ ಇಂಜಿನ್ನುಗಳಿಗೂ ತಲಪುತ್ತದೆ. ಆದರೆ ಒಳಗೆ ಕುಳಿತ ಡಿಕೋಡರ್ ಎಂಬ ಚಿಕ್ಕ ಎಲೆಕ್ಟ್ರಾನಿಕ್ ಫಲಕ, ತನ್ನ ನಂಬರು ಕೇಳಿಸಿದಾಗ ಮಾತ್ರ ಮೋಟಾರಿಗೆ ವಿದ್ಯುತ್ತನ್ನು ಬಿಡುತ್ತದೆ. ಅಂದರೆ ಡಿಕೋಡರ್ ಹಳೆಯ ಇಂಜಿನ್ನಿಗೆ ಕೊಟ್ಟ ಹೊಸ ಕಿವಿ.

ಕಿವಿ ಕೂರಿಸುವುದು ಸುಲಭವಲ್ಲ. ಹಳೆಯ ಟ್ರೈ-ಆಂಗ್ ಇಂಜಿನ್ನಿನ ಮೋಟಾರಿನಲ್ಲಿ ಎರಡು ಬ್ರಶ್‌ಗಳಿವೆ. ಒಂದಕ್ಕೆ ಲೋಹ ತಗುಲದಂತೆ ಚಿಕ್ಕ ಕೊಳವೆ ತೊಡಿಸಿರುತ್ತಾರೆ. ಇನ್ನೊಂದು ಲೋಹದ ಚಾಸಿಸ್ಸಿಗೆ ನೇರವಾಗಿ ತಗುಲಿಕೊಂಡಿರುತ್ತದೆ. ಚಾಸಿಸ್ಸೇ ಒಂದು ಹಳಿಯ ತಂತಿಯಂತೆ ಕೆಲಸ ಮಾಡುತ್ತದೆ. ಇದನ್ನು ನೋಡದೆ ಡಿಕೋಡರ್ ಜೋಡಿಸಿದರೆ ಹಳಿಯ ವಿದ್ಯುತ್ ಹಿಂಬಾಗಿಲಿನಿಂದ ನುಗ್ಗಿ, ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಆದ್ದರಿಂದ ಎರಡನೆಯ ಬ್ರಶ್ಶಿಗೂ ಕೊಳವೆ ತೊಡಿಸಿ ಮೋಟಾರನ್ನು ಚಾಸಿಸ್ಸಿನಿಂದ ಪೂರ್ತಿಯಾಗಿ ಬೇರ್ಪಡಿಸಬೇಕು. ಅನಂತರ ಕೆಂಪು, ಕಪ್ಪು ತಂತಿಗಳು ಹಳಿಯಿಂದ ವಿದ್ಯುತ್ ತರುವ ಕಡೆಗೆ. ಕಿತ್ತಳೆ, ಬೂದು ತಂತಿಗಳು ಮೋಟಾರಿಗೆ. ಅದಕ್ಕೂ ಮೊದಲು, ಓಡುವ ಮೋಟಾರನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿ, ಆಗ ಅದು ಎಷ್ಟು ಆಂಪಿಯರ್ ಎಳೆಯುತ್ತದೆಂದು ಅಳೆಯಬೇಕು. ಹಳೆಯ ಮೋಟಾರುಗಳಿಗೆ ಹಸಿವು ಹೆಚ್ಚು. ಅಯಸ್ಕಾಂತ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು. ಅಷ್ಟನ್ನು ತಾಳುವ ಡಿಕೋಡರನ್ನೇ ಆರಿಸಬೇಕು.

ಕೊನೆಗೆ ಜಾಗದ ಪ್ರಶ್ನೆ. ಇಂಜಿನ್ನಿನ ಹೊಟ್ಟೆಯೊಳಗೆ ಮೋಟಾರು ಮತ್ತು ಭಾರದ ಲೋಹವೇ ತುಂಬಿರುತ್ತದೆ. ಜಾಗ ಬೇಕೆಂದರೆ ಎರಕದ ಚಾಸಿಸ್ಸನ್ನು ಕೊರೆಯಬೇಕು. ಇಲ್ಲವೇ ಹಿಂದಿರುವ ಕಲ್ಲಿದ್ದಲಿನ ಟೆಂಡರಿನೊಳಗೆ ಡಿಕೋಡರ್ ಇಟ್ಟು, ಸಣ್ಣ ತಂತಿಗಳನ್ನು ಮುಂದಕ್ಕೆ ತರಬೇಕು. ಈ ಎರಡು ದಾರಿಗಳ ನಡುವಣ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಪ್ರಶ್ನೆಯ ಉತ್ತರ ಅಲ್ಲಿಯೇ ಇದೆ.

ಈಗ ಅಣ್ಣನ ಮಾತನ್ನು ಕೇಳೋಣ. ಒಳಗಿನದನ್ನು ಬದಲಿಸಿದರೆ ಅದು ಅಪ್ಪನ ಇಂಜಿನ್ ಆಗಿ ಉಳಿಯುತ್ತದೆಯೇ ಎಂಬುದು ಅವನ ಭಯ. ಇದು ಬಹಳ ಹಳೆಯ ಪ್ರಶ್ನೆ. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನ ಜನ ಶತಮಾನಗಳ ಕಾಲ ಕಾಪಾಡಿದರೆಂದೂ, ಕೊಳೆತ ಹಲಗೆಗಳನ್ನು ತೆಗೆದು ಹೊಸದನ್ನು ಜೋಡಿಸುತ್ತಾ ಹೋದರೆಂದೂ ಪ್ಲೂಟಾರ್ಕ್ ಬರೆದಿದ್ದಾನೆ. ಹಾಗಾದರೆ ಅದು ಅದೇ ಹಡಗೇ ಎಂದು ತತ್ವಜ್ಞಾನಿಗಳು ವಾದಿಸಿದರು. ತೆಗೆದ ಹಲಗೆಗಳನ್ನೆಲ್ಲ ಕೂಡಿಸಿ ಯಾರಾದರೂ ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು ಎಂದು 17ನೆಯ ಶತಮಾನದಲ್ಲಿ ಹಾಬ್ಸ್ ಕೇಳಿದ.

ಅರಿಸ್ಟಾಟಲನನ್ನು ಅನುಸರಿಸಿ ಅಕ್ವಿನಾಸ್ ಸಂತ ಥಾಮಸರು ಇಲ್ಲಿ ಒಂದು ಉಪಯುಕ್ತ ಭೇದವನ್ನು ತೋರಿಸುತ್ತಾರೆ. ಮರಕ್ಕೆ, ಪ್ರಾಣಿಗೆ, ಮನುಷ್ಯನಿಗೆ ತನ್ನದೇ ಆದ ಒಳಗಿನ ಜೀವತತ್ವವಿದೆ. ದಿನದಿನವೂ ಆಹಾರ ದೇಹವಾಗಿ ಬದಲಾದರೂ ಅದೇ ಮರ, ಅದೇ ಮನುಷ್ಯ. ಕೈಯಿಂದ ಮಾಡಿದ ವಸ್ತುವಿಗೆ ಅಂಥ ಒಳಜೀವವಿಲ್ಲ. ಅದರ ರೂಪ ಮೊದಲು ಮಾಡಿದವನ ಮನಸ್ಸಿನಲ್ಲಿತ್ತು; ಆಮೇಲೆ ಕಬ್ಬಿಣಕ್ಕೋ ಮರಕ್ಕೋ ಬಂತು. ಆದ್ದರಿಂದ ಮಾಡಿದ ವಸ್ತುವಿಗೆ ನಿಷ್ಠೆಯಿಂದಿರುವುದೆಂದರೆ, ಅದನ್ನು ಮಾಡಿದವನ ಯೋಚನೆಗೂ ಅದನ್ನು ನಮಗೆ ಕೊಟ್ಟವನ ಪ್ರೀತಿಗೂ ನಿಷ್ಠೆಯಿಂದಿರುವುದು. ಬರೀ ಲೋಹದ ಕಣಗಳಿಗಲ್ಲ.

ಹಾಗೆ ನೋಡಿದರೆ ತಮ್ಮನ ಮಾತಿನಲ್ಲಿಯೂ ಸತ್ಯವಿದೆ. ಮಾದರಿ ಇಂಜಿನ್ನನ್ನು ಮಾಡಿದವನು ಅದು ಓಡಲೆಂದು ಮಾಡಿದ. ಅಪ್ಪ ಅದನ್ನು ಓಡಿಸಿದರು. ಅದು ಟ್ರಂಕಿನಲ್ಲಿ ಮಲಗಿದ್ದರೆ ರೂಪ ಉಳಿಯುತ್ತದೆ, ಉದ್ದೇಶ ಉಳಿಯುವುದಿಲ್ಲ. 1855ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ 'ಫೇರಿ ಕ್ವೀನ್' ಇಂಜಿನ್ನನ್ನು 1909ರಲ್ಲಿ ಕೆಲಸದಿಂದ ಬಿಡಿಸಿದ್ದರು. ವಸ್ತುಸಂಗ್ರಹಾಲಯದಿಂದ ಅದನ್ನು ಮತ್ತೆ ಹೊರಗೆ ತಂದು, ದುರಸ್ತಿ ಮಾಡಿ, 1997ರಲ್ಲಿ ನಮ್ಮ ದೇಶದ ಹಳಿಯ ಮೇಲೆ ಪ್ರಯಾಣಿಕರೊಂದಿಗೆ ಓಡಿಸಿದರು. ಅದಕ್ಕೆ ಅಗೌರವವಾಯಿತೆಂದು ಯಾರೂ ಹೇಳಲಿಲ್ಲ.

ಇನ್ನು, ಪ್ರಾಣದ ಪ್ರಶ್ನೆ ಬಂದಲ್ಲಿ ಈ ಚರ್ಚೆಗೇ ಅವಕಾಶವಿಲ್ಲ. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೆಂದು ಅಂಗೀಕಾರವಾದ 'ಕವಚ್' ಕೂಡ ಒಂದು ರೀತಿಯ ಕಿವಿಯೇ. ಹಳಿಗಳ ನಡುವೆ ಕೂರಿಸಿದ ಬಿಲ್ಲೆಗಳನ್ನು ಓದಿ, ರೇಡಿಯೊ ಸಂದೇಶವನ್ನು ಕೇಳಿ, ಕೆಂಪು ದೀಪವನ್ನು ದಾಟಲು ಹೊರಟ ಗಾಡಿಗೆ ಅದು ತಾನೇ ಬ್ರೇಕ್ ಹಾಕುತ್ತದೆ. ಈಗಾಗಲೇ ಓಡುತ್ತಿರುವ ಇಂಜಿನ್ನುಗಳಿಗೂ ಅದನ್ನು ಜೋಡಿಸುತ್ತಾರೆ. ಅಲ್ಲಿ ಕಾರ್ಖಾನೆಯಿಂದ ಬಂದ ಹಾಗೆಯೇ ಇರಲಿ ಎನ್ನುವುದು ತಪ್ಪಾದೀತು. ಆದರೆ ಗೋದಲಿಯ ಸುತ್ತ ಓಡುವ ಇಂಜಿನ್ನಿನಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಅದನ್ನು ಬದಲಿಸಲೇಬೇಕೆಂಬ ಅಗತ್ಯವಿಲ್ಲ. ಆದ್ದರಿಂದಲೇ ಬದಲಿಸುವವನ ಮೇಲೆ ಹೊಣೆ ಹೆಚ್ಚು.

ಆ ಹೊಣೆಯ ಅಳತೆಗೋಲು ಯಾವುದು? ಅದನ್ನು ಕಾಣಲು ಅರಸೀಕೆರೆಯಿಂದ ಅಷ್ಟೇನೂ ದೂರವಿಲ್ಲದ ಬೇಲೂರಿಗೆ ಹೋಗಬಹುದು. ಅಲ್ಲಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಮೊದಲು ಅದರ ಮಂಟಪ ತೆರೆದೇ ಇತ್ತು. ಇಂದು ನಾವು ಮೆಚ್ಚಿ ನೋಡುವ ಜಾಲರಿ ಕಿಂಡಿಗಳ ಗೋಡೆಗಳನ್ನು ಕೂಡಿಸಿದ್ದು ಎರಡನೆಯ ಬಲ್ಲಾಳನ ಕಾಲದಲ್ಲಿ. ಮುಂದಿನ ಗೋಪುರ ಹಾಳಾದಾಗ ವಿಜಯನಗರದ ಎರಡನೆಯ ಹರಿಹರನ ಅಧಿಕಾರಿ ಗುಂಡ 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಇಂದು ಶಿಖರಗಳಿಲ್ಲ. ಹೊಸ ಶಿಖರ ಕಟ್ಟಿ ಹೊಯ್ಸಳರದೇ ಎಂದು ತೋರಿಸುವ ಗೋಜಿಗೆ ಯಾರೂ ಹೋಗಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ಈ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರಿನಲ್ಲಿ ಸೇರ್ಪಡೆಗಳಿವೆ, ಹಳೇಬೀಡಿನಲ್ಲಿ ಕೊರತೆಗಳಿವೆ, ಎರಡನ್ನೂ ಮರೆಮಾಡಿಲ್ಲ. ಗುಂಡನ ಗೋಪುರವನ್ನು ನೋಡಿ ಯಾರೂ ವಿಷ್ಣುವರ್ಧನನ ಗೋಪುರ ಎಂದು ಮೋಸಹೋಗುವುದಿಲ್ಲ.

ಹಳೆಯ ಕಟ್ಟಡಗಳನ್ನು ಕಾಪಾಡುವವರು 1964ರಲ್ಲಿ ವೆನಿಸ್ ನಗರದಲ್ಲಿ ಸೇರಿ ಒಂದು ಸನ್ನದನ್ನು ಒಪ್ಪಿಕೊಂಡರು. ಹೊಸದಾಗಿ ಸೇರಿಸಿದ ಭಾಗ ಹಳೆಯದರೊಂದಿಗೆ ಹೊಂದಿಕೊಳ್ಳಬೇಕು, ಆದರೆ ಹೊಸದೆಂದು ಗುರುತಿಸುವಂತೆಯೂ ಇರಬೇಕು ಎಂಬುದು ಅದರ ಒಂದು ಮುಖ್ಯ ನಿಯಮ. ಮುಂದಿನವರು ಬೇಕೆಂದಾಗ ತೆಗೆಯಬಹುದಾದ ರೀತಿಯಲ್ಲಿ ಸೇರಿಸಬೇಕು ಎಂಬುದನ್ನೂ ಈ ಕೆಲಸದವರು ಪಾಲಿಸುತ್ತಾ ಬಂದಿದ್ದಾರೆ. ಈ ಎರಡು ನಿಯಮಗಳು ದೇವಾಲಯಕ್ಕೆ ಎಷ್ಟು ಸಲ್ಲುತ್ತವೆಯೋ ಟ್ರಂಕಿನಲ್ಲಿರುವ ಇಂಜಿನ್ನಿಗೂ ಅಷ್ಟೇ ಸಲ್ಲುತ್ತವೆ.

ಇವನ್ನು ನಮ್ಮ ಅಣ್ಣತಮ್ಮಂದಿರ ಮುಂದಿಡೋಣ. ಚಾಸಿಸ್ಸನ್ನು ಕೊರೆದರೆ ಲೋಹ ಮತ್ತೆ ಬೆಳೆಯುವುದಿಲ್ಲ. ಮುಂದೆ ಮೊಮ್ಮಕ್ಕಳಲ್ಲಿ ಒಬ್ಬನಿಗೆ ತಾತನ ಇಂಜಿನ್ ಮೊದಲು ಹೇಗಿತ್ತೆಂದು ನೋಡುವ ಆಸೆಯಾದರೆ ಅವನಿಗೆ ದಾರಿಯಿಲ್ಲ. ತಮ್ಮ ತನ್ನ ಮಕ್ಕಳ ಸಂತೋಷಕ್ಕಾಗಿ ಮೊಮ್ಮಕ್ಕಳ ಹಕ್ಕನ್ನು ಖರ್ಚು ಮಾಡಿದಂತಾಯಿತು. ಅದೇ ಡಿಕೋಡರನ್ನು ಟೆಂಡರಿನಲ್ಲಿಟ್ಟು, ಬ್ರಶ್ಶಿಗೆ ಕೊಳವೆ ತೊಡಿಸಿ, ತಂತಿಗಳನ್ನು ಹಗುರವಾಗಿ ಬೆಸೆದರೆ, ಅರ್ಧ ದಿನದ ಕೆಲಸದಲ್ಲಿ ಎಲ್ಲವನ್ನೂ ಹಿಂದಿನಂತೆ ಮಾಡಬಹುದು. ಇನ್ನೊಂದು ಸಂಗತಿಯೂ ಇದೆ. ಬಹುತೇಕ ಡಿಕೋಡರ್‌ಗಳಿಗೆ ಹಳೆಯ ಡಿ.ಸಿ. ವಿದ್ಯುತ್ತಿನ ಭಾಷೆಯೂ ಬರುತ್ತದೆ. ಹಳಿಯಲ್ಲಿ ಸಂದೇಶವಿಲ್ಲದ ಬರೀ ಡಿ.ಸಿ. ಕಂಡರೆ, ಹಾಗೆ ಹೊಂದಿಸಿದ ಇಂಜಿನ್ ಹಿಂದಿನಂತೆಯೇ ಓಡುತ್ತದೆ. ಅಪ್ಪನ ಹಳೆಯ ಕಂಟ್ರೋಲರ್ ಕೆಲಸ ಮಾಡುತ್ತಿದ್ದರೆ ಅದರಿಂದಲೂ ಓಡಿಸಬಹುದು. ಹೊಸದನ್ನು ಕಲಿತು ಹಳೆಯದನ್ನು ಮರೆಯದಿರುವುದು ಒಳ್ಳೆಯ ಬದಲಾವಣೆಯ ಲಕ್ಷಣ.

ಪ್ರಾಮಾಣಿಕತೆಯ ಮಾತೂ ಇದೆ. ಈಗ ಶಬ್ದದ ಡಿಕೋಡರ್‌ಗಳು ಬಂದಿವೆ. ಚಿಕ್ಕ ಸ್ಪೀಕರಿನಿಂದ ಉಗಿ ಇಂಜಿನ್ನಿನ ಉಸಿರು, ಸೀಟಿ ಎಲ್ಲವೂ ಕೇಳಿಸುತ್ತವೆ. ಕೇಳಲು ಚೆನ್ನ. ಆದರೆ ಅದನ್ನು ಮಕ್ಕಳಿಗೆ "ತಾತ ಕೇಳುತ್ತಿದ್ದದ್ದು ಇದೇ ಶಬ್ದ" ಎಂದು ಹೇಳಬಾರದು. ತಾತನ ಇಂಜಿನ್ ಮಾಡುತ್ತಿದ್ದದ್ದು ಮೋಟಾರಿನ ಗುಂಯ್‌ಗುಟ್ಟುವಿಕೆ ಮಾತ್ರ. ಹಾಗೆಯೇ ಒಳಗೆ ಬದಲಿಸಿದ ಇಂಜಿನ್ನನ್ನು ಮುಂದೆ ಯಾರಿಗಾದರೂ ಮಾರುವಾಗ 'ಮೂಲ ಸ್ಥಿತಿಯಲ್ಲಿದೆ' ಎನ್ನುವುದು ಸುಳ್ಳು. ಬದಲಾವಣೆ ಪಾಪವಲ್ಲ, ಬದಲಿಸಿದ್ದನ್ನು ಮುಚ್ಚಿಡುವುದು ತಪ್ಪು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು: ತೀರ್ಮಾನಿಸುವವರು ಯಾರು? ಅಣ್ಣ ಹಿರಿಯ ಎಂಬ ಕಾರಣಕ್ಕೆ ಅವನ ಮಾತೇ ಕೊನೆಯದಲ್ಲ. ತಮ್ಮನಿಗೆ ಕೆಲಸ ಬರುತ್ತದೆ ಎಂಬ ಕಾರಣಕ್ಕೆ ಅವನು ಕೇಳದೆ ಬಿಚ್ಚಬಾರದು. ತಂದೆ ಬಿಟ್ಟುಹೋದ ವಸ್ತು ಕಾನೂನಿನಲ್ಲಿ ಮಕ್ಕಳದಾಗಿರಬಹುದು, ಆದರೆ ನೆನಪಿನಲ್ಲಿ ಅದು ಎಲ್ಲರದು. ತಾಯಿ ಇದ್ದರೆ ಮೊದಲು ಅವರನ್ನು ಕೇಳಬೇಕು. ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಕೇಳಬೇಕು. ಗೋದಲಿಯ ಮುಂದೆ ಅವರೂ ಕುಳಿತಿದ್ದರಲ್ಲವೇ? ಹಿಂದಕ್ಕೆ ತರಬಹುದಾದ ಕೆಲಸಕ್ಕೆ ಹೆಚ್ಚಿನವರ ಒಪ್ಪಿಗೆ ಸಾಕು. ಹಿಂದಕ್ಕೆ ತರಲಾಗದ ಕೆಲಸಕ್ಕೆ ಎಲ್ಲರ ಒಪ್ಪಿಗೆಯೂ ಬೇಕು. ಒಬ್ಬರು ಬೇಡವೆಂದರೂ ನಿಲ್ಲಿಸುವುದು ಮೇಲು. ಅಜ್ಜಿಯ ಸರಕ್ಕೆ ಹೊಸ ಕೊಂಡಿ ಹಾಕಿಸುವುದಕ್ಕೂ, ಸರವನ್ನೇ ಕರಗಿಸಿ ಹೊಸ ಡಿಸೈನು ಮಾಡಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಮನೆಯ ಒಡೆದ ಹಂಚನ್ನು ಬದಲಿಸುವುದಕ್ಕೂ, ಮನೆಯನ್ನೇ ಕೆಡವಿ ಆರ್.ಸಿ.ಸಿ. ಹಾಕಿಸುವುದಕ್ಕೂ ಇರುವ ವ್ಯತ್ಯಾಸವೂ ಇದೇ. ಕರಗಿಸಲೇಬಾರದು, ಕೆಡವಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಗಳ ಓದಿಗೆ, ಸೋರುವ ಸೂರಿಗೆ ಹಾಗೆ ಮಾಡಬೇಕಾಗಿ ಬರುತ್ತದೆ. ಆದರೆ ಅಂಥ ಕೆಲಸವನ್ನು ಒಬ್ಬನೇ, ಆತುರದಲ್ಲಿ, ಉಳಿದವರಿಗೆ ತಿಳಿಸದೆ ಮಾಡಬಾರದು. ಮನೆಗಳು ಒಡೆಯುವುದು ವಸ್ತು ಹೋಯಿತೆಂದಲ್ಲ, ಕೇಳದೆ ಹೋಯಿತೆಂದು.

ಎಲ್ಲರೂ ಒಪ್ಪಿ ಡಿಕೋಡರ್ ಹಾಕಿಸಿದರೆ ಇನ್ನೊಂದು ಚಿಕ್ಕ ಕೆಲಸ ಬಾಕಿ ಇರುತ್ತದೆ. ಬಿಚ್ಚಿದ ಸ್ಕ್ರೂ, ತೆಗೆದ ತಂತಿ, ಹಳೆಯ ಸ್ಪ್ರಿಂಗ್ ಇವನ್ನೆಲ್ಲ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದರಲ್ಲಿ ಹಾಕಬೇಕು. ಯಾವ ದಿನ, ಯಾರು, ಏನನ್ನು ಬದಲಿಸಿದರು, ಮತ್ತೆ ಮೊದಲಿನಂತೆ ಮಾಡಬೇಕಾದರೆ ಯಾವ ತಂತಿ ಎಲ್ಲಿಗೆ ಎಂದು ಒಂದು ಚೀಟಿಯಲ್ಲಿ ಬರೆಯಬೇಕು. ಆ ಚೀಟಿಯನ್ನು ಡಬ್ಬಿಯ ಜೊತೆ ಅಪ್ಪನ ಟ್ರಂಕಿನಲ್ಲಿಯೇ ಇಡಬೇಕು. ಚೀಟಿಯ ಕೆಳಗೆ ಅಣ್ಣ, ತಮ್ಮ ಇಬ್ಬರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು.